ಒಲೆಯ ಪಕ್ಕದಿಂದ: ಎಗ್‌ನಾಗ್‌ಗೆ ಎರಡು ಪಾತ್ರೆ



ದೀಪಾವಳಿಯ ಪಾಟ್‌ಲಕ್ ಮುಗಿದು ನಾವು ನಾಲ್ಕು ಜನ ಹೆಂಗಸರು ಪಾತ್ರೆ ತೊಳೆಯುತ್ತಿದ್ದಾಗ, ಈ ಊರಿಗೆ ಹೊಸದಾಗಿ ಬಂದಿರುವ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಆಂಟಿ, ಅಂಗಡಿಯಲ್ಲಿ ಹಾಲಿನ ಪಕ್ಕ ಎಗ್‌ನಾಗ್ ಅಂತ ಡಬ್ಬಿ ಇಟ್ಟಿದ್ದಾರಲ್ಲ, ಅದೇನು? ನಾವು ಅದನ್ನು ಕುಡಿಯಬಹುದಾ?"

ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ. ಮೊದಲನೆಯದಕ್ಕೆ ಅಲ್ಲೇ ಉತ್ತರ ಹೇಳಿದೆ. ಎರಡನೆಯದಕ್ಕೆ, "ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ ಇರು" ಎಂದು ತಪ್ಪಿಸಿಕೊಂಡೆ. ಯಾಕೆಂದರೆ ಆ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಕಲಿಯಲು ನನಗೆ ಈ ದೇಶದಲ್ಲಿ ಏಳು ವರ್ಷ ಬೇಕಾಯಿತು, ಜೊತೆಗೆ ಒಂದು ತಪ್ಪೂ ಬೇಕಾಯಿತು. ಆ ತಪ್ಪನ್ನೂ ಮಾಡುವ ವಿಧಾನವನ್ನೂ ಈ ಸಲ ಒಟ್ಟಿಗೇ ಬರೆಯುತ್ತಿದ್ದೇನೆ. ಬರಿಯ ವಿಧಾನ ಬೇಕಾದವರು ನಡುವಿನ ಭಾಗಕ್ಕೆ ಹೋಗಬಹುದು. ಆದರೆ ಮೊದಲಿನಿಂದ ಓದಿದರೆ ಎರಡು ಪಾತ್ರೆ ಯಾಕೆಂದು ತಿಳಿಯುತ್ತದೆ.

ಎಗ್‌ನಾಗ್ ಎಂದರೆ ಹಾಲು, ಕೆನೆ, ಸಕ್ಕರೆ, ಮೊಟ್ಟೆಯ ಹಳದಿ, ಮೇಲೊಂದಿಷ್ಟು ಜಾಜಿಕಾಯಿ ಪುಡಿ. ದೊಡ್ಡವರ ಲೋಟಕ್ಕೆ ರಮ್, ಬ್ರಾಂಡಿ ಅಥವಾ ಬರ್ಬನ್. "ನಾಗ್" ಎಂಬುದು ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಗಡುಸಾದ ಒಂದು ಬಗೆಯ ಬಿಯರಿಗಿದ್ದ ಹೆಸರು ಎಂದು ಕೆಲವರು ಹೇಳುತ್ತಾರೆ. "ನಾಗಿನ್" ಎಂಬ ಸಣ್ಣ ಮರದ ಲೋಟದಿಂದ ಬಂತು ಎಂದು ಇನ್ನು ಕೆಲವರು. ನಮ್ಮ ನಾಗರಪಂಚಮಿಗಂತೂ ಸಂಬಂಧವಿಲ್ಲ. ಹಾಲು ಎರೆಯುವುದೊಂದೇ ಸಮಾನ!

ಇದರ ಹಿರಿಯಕ್ಕ ಇಂಗ್ಲೆಂಡಿನ "ಪಾಸೆಟ್". ಬಿಸಿ ಹಾಲನ್ನು ವೈನ್ ಅಥವಾ ಏಲ್ ಹಾಕಿ ಒಡೆಯಿಸಿ, ಮಸಾಲೆ ಬೆರೆಸಿ, ನೆಗಡಿ ಜ್ವರ ಬಂದವರಿಗೂ ಕೊಡುತ್ತಿದ್ದರಂತೆ. ನಮ್ಮ ಮೆಣಸಿನ ಕಷಾಯವನ್ನು ಶ್ರೀಮಂತರ ಮನೆಯಲ್ಲಿ ಮಾಡಿದರೆ ಹೇಗಿರುತ್ತದೋ ಹಾಗೆ ಎಂದುಕೊಳ್ಳಿ. ಅಲ್ಲಿ ಹಾಲು, ಮೊಟ್ಟೆ, ವೈನ್ ಮೂರೂ ಒಟ್ಟಿಗೆ ಸಿಗುವುದು ಉಳ್ಳವರ ಮನೆಯಲ್ಲಿ ಮಾತ್ರ. ಅದೇ ಜನ ಅಮೆರಿಕಕ್ಕೆ ಬಂದಾಗ ಒಬ್ಬೊಬ್ಬರ ಹೊಲದಲ್ಲೂ ಹಸು ಕೋಳಿ ಇದ್ದವು. ವೆಸ್ಟ್ ಇಂಡೀಸಿನಿಂದ ರಮ್ ಅಗ್ಗವಾಗಿ ಬರುತ್ತಿತ್ತು. ಹೀಗೆ 18ನೆಯ ಶತಮಾನದ ಹೊತ್ತಿಗೆ ಉಳ್ಳವರ ಪಾನೀಯ ಇಲ್ಲಿ ರೈತರ ಪಾನೀಯವಾಯಿತು, ಕ್ರಿಸ್‌ಮಸ್ಸಿಗೆ ಅಂಟಿಕೊಂಡಿತು.

ಅದು ಎಷ್ಟು ಅಂಟಿಕೊಂಡಿತು ಎಂಬುದಕ್ಕೆ ಒಂದು ಕಥೆಯಿದೆ. 1826ರ ಕ್ರಿಸ್‌ಮಸ್ ರಾತ್ರಿಗೆ ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯ ಹುಡುಗರು, ಮದ್ಯ ನಿಷೇಧವಿದ್ದರೂ, ವಿಸ್ಕಿಯನ್ನು ಕದ್ದು ತಂದು ಎಗ್‌ನಾಗ್ ಮಾಡಿಕೊಂಡರು. ಬೆಳಗಾಗುವಷ್ಟರಲ್ಲಿ ಕಿಟಕಿಗಳು ಒಡೆದಿದ್ದವು, ಮೇಜು ಕುರ್ಚಿ ಮುರಿದಿದ್ದವು, ಅಧಿಕಾರಿಗಳ ಮೇಲೆ ಕೈಮಾಡುವವರೆಗೂ ಹೋಗಿತ್ತು. ಸುಮಾರು ಇಪ್ಪತ್ತು ಹುಡುಗರ ಮೇಲೆ ಸೈನಿಕ ವಿಚಾರಣೆ ನಡೆಯಿತು. ಅಂದು ಬಂಧನದಲ್ಲಿಟ್ಟು, ಆಮೇಲೆ ವಿಚಾರಣೆಯಿಲ್ಲದೆ ಬಿಟ್ಟವರಲ್ಲಿ ಜೆಫರ್ಸನ್ ಡೇವಿಸ್ ಒಬ್ಬ. ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾದವನು ಅವನೇ. ಒಂದು ಲೋಟ ಹಾಲಿನಿಂದ ಏನೆಲ್ಲಾ ಆಗಬಹುದು ನೋಡಿ.

ನಮ್ಮ ಮನೆಯಲ್ಲಿ ಆದದ್ದು ಇಷ್ಟು ದೊಡ್ಡದಲ್ಲ. ಆದರೆ ನನಗೆ ಕಡಿಮೆಯದೂ ಅಲ್ಲ.

1984ರ ಡಿಸೆಂಬರ್. ನಾವು ಆಗ ಬಫಲೋದಲ್ಲಿದ್ದೆವು. ಈರಿ ಸರೋವರದ ಮೇಲಿಂದ ಗಾಳಿ ಬೀಸಿದರೆ ರಾತ್ರಿ ಕಳೆಯುವಷ್ಟರಲ್ಲಿ ಕಾರು ಎಲ್ಲಿದೆ ಎಂದು ಸನಿಕೆ ಹಿಡಿದು ಹುಡುಕಬೇಕಾದ ಊರು. ಶಿರಸಿಯ ಕಡೆಯ ಅಡಿಕೆ ತೋಟದ ಮನೆಯಿಂದ ನಮ್ಮ ಅತ್ತೆ ಮೊದಲ ಸಲ ಬಂದಿದ್ದರು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ಹಾಗೆಂದು ಯಾರನ್ನೂ ಆಕ್ಷೇಪಿಸುವವರಲ್ಲ. "ಅವರವರ ಬಾಯಿ ಅವರವರದು" ಎನ್ನುವುದು ಅವರ ಮಾತು.

ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ನಮ್ಮನೆಯವರ ಆಫೀಸಿನವರನ್ನೂ ಪಕ್ಕದ ಮನೆಯವರನ್ನೂ ಚಹಾಕ್ಕೆ ಕರೆದಿದ್ದೆವು. ಇಲ್ಲಿಯವರಿಗೆ ಒಗ್ಗುವಂಥದ್ದು ಇರಲಿ ಎಂದು ಅಂಗಡಿಯಿಂದ ಎರಡು ಡಬ್ಬಿ ಎಗ್‌ನಾಗ್ ತಂದು, ಬಿಸಿ ಮಾಡಿ, ಹೂಜಿಗೆ ಹಾಕಿ ಇಟ್ಟಿದ್ದೆ. ಜನ ಬಂದರು, ಕೋಟು ಬೂಟುಗಳ ರಾಶಿಯಾಯಿತು, ಸಮೋಸಾ ಕರಿಯುವುದು ಇನ್ನೂ ಮುಗಿದಿರಲಿಲ್ಲ. ಅತ್ತೆ ಅಡುಗೆಮನೆಗೆ ಬಂದು ಹೂಜಿಯನ್ನು ಮೂಸಿ, "ಜಾಜಿಕಾಯಿ ವಾಸನೆ ಬರುತ್ತಲ್ಲ! ಏನೇ ಇದು?" ಎಂದರು.

ನಾನು ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದೆ: "ಹಾಲು, ಅತ್ತೆ. ಜಾಜಿಕಾಯಿ ಹಾಕಿದ ಹಾಲು."

ಸುಳ್ಳಲ್ಲ. ನಿಜವೂ ಅಲ್ಲ. ಅವರು ಒಂದು ಲೋಟ ಬಗ್ಗಿಸಿಕೊಂಡದ್ದನ್ನು ನೋಡಿದೆ. ತಡೆಯುವುದಕ್ಕೆ ಒಂದು ಕ್ಷಣ ಸಾಕಾಗಿತ್ತು. ಆದರೆ ತಡೆದರೆ ಜನರ ಮುಂದೆ ವಿವರಿಸಬೇಕು, ಮೊದಲು ಯಾಕೆ ಹಾಗೆ ಹೇಳಿದೆ ಎಂದೂ ಹೇಳಬೇಕು. ಸುಮ್ಮನಾದೆ. ಅವರು ಎರಡು ಲೋಟ ಕುಡಿದರು. "ಚಳಿಗೆ ಬಹಳ ಹಿತವಾಯಿತು" ಎಂದರು. ಸದ್ಯ, ಅದರಲ್ಲಿ ರಮ್ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಆರು ವರ್ಷದ ಮಗಳು, ಆಗಷ್ಟೇ ಓದಲು ಕಲಿತವಳು, ಕಸದ ಬುಟ್ಟಿಯ ಪಕ್ಕ ಇದ್ದ ಖಾಲಿ ಡಬ್ಬಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಅಜ್ಜಿಗೆ ಓದಿ ತೋರಿಸಿದಳು. ಎಗ್ ಎಂದರೆ ಮೊಟ್ಟೆ ಎಂದು ಅರ್ಥವನ್ನೂ ಹೇಳಿದಳು, ಪಾಪ.

ಅತ್ತೆ ಕೂಗಾಡಲಿಲ್ಲ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಅಂದು ಏನೂ ತಿನ್ನಲಿಲ್ಲ. ಸಂಜೆ ನಾನೊಬ್ಬಳೇ ಇದ್ದಾಗ ಒಂದೇ ಒಂದು ಪ್ರಶ್ನೆ ಕೇಳಿದರು: "ನಿನಗೆ ಗೊತ್ತಿರಲಿಲ್ಲವಾ?"

"ಗೊತ್ತಿತ್ತು" ಎಂದೆ.

"ಗೊತ್ತಿರಲಿಲ್ಲ ಅಂದಿದ್ದರೆ ನಾನು ಇವತ್ತೇ ಮರೆತುಬಿಡುತ್ತಿದ್ದೆ" ಎಂದರು.

ಅವರು ಏಪ್ರಿಲ್‌ವರೆಗೆ ಇದ್ದರು. ಅಷ್ಟು ದಿನವೂ ನಾನು ತಟ್ಟೆಗೆ ಏನು ಬಡಿಸಿದರೂ, ಬರಿಯ ಸಾರು ಅನ್ನವಾದರೂ, ಕೈ ಹಾಕುವ ಮೊದಲು ಕೇಳುತ್ತಿದ್ದರು: "ಇದರಲ್ಲಿ ಏನಿದೆ?" ಸಿಟ್ಟಿನಿಂದಲ್ಲ, ಚುಚ್ಚುವುದಕ್ಕೂ ಅಲ್ಲ. ಕೇಳುವುದು ಅಭ್ಯಾಸವಾಗಿ ಹೋಗಿತ್ತು. ನಾನೂ ಪ್ರತಿ ಸಲ ಒಂದೊಂದೂ ಬಿಡದೆ ಹೇಳುತ್ತಿದ್ದೆ. ಮೊಟ್ಟೆಗಿಂತ ಅದು ನನಗೆ ಹೆಚ್ಚು ಕಷ್ಟವಾಯಿತು.

ನಮ್ಮಲ್ಲಿ ಮೊಟ್ಟೆ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ಕೇಕಿನಲ್ಲಿದ್ದರೆ ಆಗುತ್ತದೆ ಎನ್ನುವವರೂ ಇದ್ದಾರೆ. ಯಾವುದು ಸರಿ ಎಂದು ಈ ಅಂಕಣದಲ್ಲಿ ತೀರ್ಮಾನವಿಲ್ಲ. ಆದರೆ ಕೊಡುವವರಿಗೆ ಗೊತ್ತಿರುವುದು ಕುಡಿಯುವವರಿಗೂ ಗೊತ್ತಿರಬೇಕು. ಮನೆಯಲ್ಲೇ ಮಾಡುವುದರ ದೊಡ್ಡ ಲಾಭ ರುಚಿಯಲ್ಲ, ಅದೇ. ಡಬ್ಬಿಯದಾದರೆ ಗೋಂದು, ಬಣ್ಣ, ಇನ್ನೇನೇನೋ ಸಣ್ಣಕ್ಷರದಲ್ಲಿ ಇರುತ್ತದೆ. ಇಲ್ಲಿಯ ಕಾನೂನಿನ ಪ್ರಕಾರ ಎಗ್‌ನಾಗ್ ಎಂಬ ಹೆಸರಿಟ್ಟು ಮಾರುವುದರಲ್ಲಿ ಶೇಕಡಾ 6 ಹಾಲಿನ ಕೊಬ್ಬು, ಶೇಕಡಾ 1 ಮೊಟ್ಟೆಯ ಹಳದಿಯ ಘನಾಂಶ ಇದ್ದರೆ ಸಾಕು. ನಾವು ಮನೆಯಲ್ಲಿ ಮಾಡುವುದು ಅದಕ್ಕಿಂತ ಬಹಳ ಮೇಲು.

ಈಗ ಮೊದಲನೆಯ ಪಾತ್ರೆ. ಇದು ಮೊಟ್ಟೆಯದು, ಹತ್ತು ಸಣ್ಣ ಲೋಟಕ್ಕೆ ಆಗುತ್ತದೆ.

ಬೇಕಾದದ್ದು: ಕೊಬ್ಬು ತೆಗೆಯದ ಹಾಲು 4 ಕಪ್, ಅಂದರೆ ಒಂದು ಕ್ವಾರ್ಟ್. ಗಟ್ಟಿ ಕೆನೆ 1 ಕಪ್. ಸಕ್ಕರೆ ಅರ್ಧ ಕಪ್ಪಿಗಿಂತ ತುಸು ಹೆಚ್ಚು. ದೊಡ್ಡ ಮೊಟ್ಟೆ 6, ಅವುಗಳ ಹಳದಿ ಮಾತ್ರ. ಒಂದು ಚಿಟಿಕೆ ಉಪ್ಪು. ತುರಿದ ಜಾಜಿಕಾಯಿ ಅರ್ಧ ಟೀ ಚಮಚ. ವೆನಿಲಾ ಬೇಕಾದರೆ ಒಂದು ಚಮಚ.

ಹಳದಿಗೆ ಸಕ್ಕರೆ, ಉಪ್ಪು ಹಾಕಿ, ಬಣ್ಣ ತಿಳಿಯಾಗಿ ನಿಂಬೆಹಣ್ಣಿನ ಹಳದಿಗೆ ಬರುವವರೆಗೆ ಚೆನ್ನಾಗಿ ಕಡೆಯಿರಿ. ಇನ್ನೊಂದು ದಪ್ಪ ತಳದ ಪಾತ್ರೆಯಲ್ಲಿ ಹಾಲನ್ನು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಕಾಯಿಸಿ. ಆ ಬಿಸಿ ಹಾಲನ್ನು ಒಂದೊಂದೇ ಸೌಟು ಹಳದಿಗೆ ಎರೆಯುತ್ತಾ, ಇನ್ನೊಂದು ಕೈಯಿಂದ ಕಡೆಯುತ್ತಲೇ ಇರಿ. ಆತುರಪಟ್ಟು ಹಳದಿಯನ್ನೇ ಬಿಸಿ ಹಾಲಿಗೆ ಸುರಿದರೆ ಸಿಹಿಯಾದ ಮೊಟ್ಟೆ ಪಲ್ಯ ಆಗುತ್ತದೆ. ಮೂರು ನಾಲ್ಕು ಸೌಟು ಸೇರಿದ ಮೇಲೆ ಎಲ್ಲವನ್ನೂ ಮತ್ತೆ ಹಾಲಿನ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ, ಮರದ ಸೌಟಿನಿಂದ ತಳ ಹಿಡಿಯದಂತೆ ತಿರುವುತ್ತಾ ಇರಿ.

ಇಲ್ಲಿ ಟೆಲಿಫೋನ್ ಬಂದರೆ ಎತ್ತಬೇಡಿ. ಥರ್ಮಾಮೀಟರ್ ಇದ್ದರೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ದಾಟಬೇಕು. 180ಕ್ಕೆ ಹೋಗಬಾರದು, ಒಡೆಯುವ ಅಪಾಯವಿದೆ. ಸೌಟಿನ ಬೆನ್ನಿಗೆ ತೆಳುವಾಗಿ ಹಚ್ಚಿಕೊಂಡು, ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಲ್ಲುವುದು ಹದದ ಗುರುತು. ಆದರೆ ಈ ಒಂದು ಕೆಲಸಕ್ಕೆ ಕಣ್ಣಂದಾಜಿಗಿಂತ ಥರ್ಮಾಮೀಟರ್ ಮೇಲು. ಹದ ಬಂದ ಕೂಡಲೇ ಇಳಿಸಿ, ತಣ್ಣನೆಯ ಕೆನೆ ಸುರಿದುಬಿಡಿ. ಬೇಯುವುದು ಅಲ್ಲಿಗೆ ನಿಲ್ಲುತ್ತದೆ. ಸೋಸಿ, ಜಾಜಿಕಾಯಿ ವೆನಿಲಾ ಸೇರಿಸಿ, ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ನಾಲ್ಕು ಗಂಟೆಯಾದರೂ ತಣ್ಣಗಾಗಬೇಕು, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಎರಡು ಮೂರು ದಿನದಲ್ಲಿ ಮುಗಿಸಿಬಿಡಿ. ಉಳಿದ ಆರು ಬಿಳಿಯನ್ನು ಬೆಳಗಿನ ಆಮ್ಲೆಟ್ಟಿಗೆ ಇಟ್ಟುಕೊಳ್ಳಿ.

"ನಮ್ಮ ನೆರೆಮನೆಯವರು ಬೇಯಿಸುವುದೇ ಇಲ್ಲ, ಹಸಿ ಮೊಟ್ಟೆಯನ್ನೇ ಕಡೆದು ಹಾಕುತ್ತಾರೆ" ಎಂದು ನೀವು ಹೇಳಬಹುದು. ಹಳೆಯ ಪದ್ಧತಿ ಅದೇ. ನನಗೆ ಬಫಲೋದ ಪಕ್ಕದ ಮನೆಯ ಅಜ್ಜಿ ಕಲಿಸಿಕೊಟ್ಟದ್ದೂ ಹಾಗೆಯೇ. ಒಡೆಯದ, ತೊಳೆದ ಮೊಟ್ಟೆಯೊಳಗೆ ರೋಗಾಣು ಇರುವುದಿಲ್ಲ ಎಂಬ ನಂಬಿಕೆ ಆಗ ಸಾಮಾನ್ಯವಾಗಿತ್ತು. 1980ರ ದಶಕದಲ್ಲಿ ಈ ದೇಶದ ಈಶಾನ್ಯ ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ರೋಗ ಹೆಚ್ಚಾಗಿ, ವೈದ್ಯರು ಹುಡುಕಿ ನೋಡಿದಾಗ ತಿಳಿದದ್ದು ಬೇರೆ. ಕೋಳಿಯ ಅಂಡಾಶಯದಲ್ಲೇ ರೋಗಾಣುವಿದ್ದರೆ ಚಿಪ್ಪು ಕಟ್ಟುವ ಮೊದಲೇ ಅದು ಮೊಟ್ಟೆಯೊಳಗೆ ಸೇರಿರುತ್ತದೆ. ಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಸಾವಿರಾರು ಮೊಟ್ಟೆಗೆ ಒಂದು ಅಂಥದ್ದು ಇರಬಹುದು, ನಿಜ. ಆದರೆ ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಊರಿನಿಂದ ಬಂದ ವಯಸ್ಸಾದ ತಂದೆತಾಯಿ ಇರುವ ಮನೆಯಲ್ಲಿ ಆ ಒಂದು ನಮ್ಮ ಪಾಲಿಗೆ ಬರುವುದು ಬೇಡ. ಬೇಯಿಸಲು ಇಷ್ಟವಿಲ್ಲದವರು ಚಿಪ್ಪಿನೊಳಗೇ ಪಾಶ್ಚರೀಕರಿಸಿದ ಮೊಟ್ಟೆ ಸಿಕ್ಕಿದರೆ ಅದನ್ನು ಬಳಸಿ.

ರಮ್ ಹಾಕಿದರೆ ರೋಗಾಣು ಸಾಯುವುದಿಲ್ಲವೇ ಎಂದು ನಮ್ಮ ಗಂಡಸರು ಕೇಳುತ್ತಾರೆ. ಪ್ರಶ್ನೆಯ ಉದ್ದೇಶ ನನಗೆ ಗೊತ್ತು. ಇದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ಹೆಸರಾಂತ ಸೂಕ್ಷ್ಮಜೀವಿ ವಿಜ್ಞಾನಿ ಇದ್ದರು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಜಾತಿಯನ್ನು ಗುಂಪುಗಳಾಗಿ ವಿಂಗಡಿಸಿದವರು. 1981ರಲ್ಲಿ ತೀರಿಕೊಂಡರು. ಅವರ ಪ್ರಯೋಗಾಲಯದಲ್ಲಿ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಹಸಿ ಮೊಟ್ಟೆಯ, ಗಡುಸಾದ ಎಗ್‌ನಾಗ್ ಮಾಡಿ ಇಡುವ ಪದ್ಧತಿಯಿತ್ತು. ಎಷ್ಟೋ ವರ್ಷದ ಮೇಲೆ ಅಲ್ಲಿಯ ವಿಜ್ಞಾನಿಗಳು ಬೇಕೆಂದೇ ಅದಕ್ಕೆ ಸಾಲ್ಮೊನೆಲ್ಲಾ ಬೆರೆಸಿ ಪರೀಕ್ಷಿಸಿದರು. ಒಂದು ವಾರವಾದರೂ ರೋಗಾಣು ಇತ್ತು. ಮೂರು ವಾರಕ್ಕೆ ಇರಲಿಲ್ಲ. ಅಂದರೆ ಸಂಜೆ ಕಲಸಿ ರಾತ್ರಿ ಕುಡಿಯುವವರಿಗೆ ರಮ್ ಕಾವಲಲ್ಲ. ಮೂರು ವಾರದ ಆ ಲೆಕ್ಕವೂ ಅವರ ಅಳತೆಯ ಗಡುಸು ಮದ್ಯಕ್ಕೆ ಮಾತ್ರ. ಒಲೆಯನ್ನೇ ನಂಬಿ.

ಆದ್ದರಿಂದ ನನ್ನ ಕ್ರಮ ಹೀಗೆ. ರಮ್ ಎಂದೂ ಪಾತ್ರೆಗೆ ಬೀಳಬಾರದು. ಬಾಟಲಿ ಪಕ್ಕದ ಮೇಜಿನ ಮೇಲೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇರಲಿ. ಬೇಕಾದವರು ತಮ್ಮ ಲೋಟಕ್ಕೆ ತಾವೇ ಎರಡು ದೊಡ್ಡ ಚಮಚ ಹಾಕಿಕೊಳ್ಳಲಿ. ಕೆನೆ ಸಕ್ಕರೆಯ ಮರೆಯಲ್ಲಿ ಮದ್ಯದ ಖಾರ ನಾಲಿಗೆಗೆ ತಿಳಿಯುವುದಿಲ್ಲ, ಹೊರಗೆ ರಸ್ತೆಯ ಮೇಲೆ ಹಿಮಗಟ್ಟಿರುತ್ತದೆ. ಕಾರು ಓಡಿಸುವವರ ಲೋಟಕ್ಕೆ ಬಾಟಲಿ ಬಗ್ಗಿಸುವಂತಿಲ್ಲ. ನಮ್ಮನೆಯವರು ಇದಕ್ಕೆ "ಅಡುಗೆಮನೆಯ ಪೊಲೀಸ್" ಎನ್ನುತ್ತಾರೆ. ಎನ್ನಲಿ.

ಎರಡನೆಯ ಪಾತ್ರೆ ಅತ್ತೆಯವರದು.

1991ರಲ್ಲಿ ಅವರು ಎರಡನೆಯ ಸಲ ಬಂದರು. ಪೆಟ್ಟಿಗೆ ತೆಗೆದಾಗ ಸೀರೆಯ ಮಡಿಕೆಯೊಳಗಿನಿಂದ ಒಂದು ಬಟ್ಟೆಯ ಗಂಟು ಬಂತು. ತೋಟದ ಜಾಜಿಕಾಯಿ, ಹತ್ತು ಹನ್ನೆರಡು. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ನಡುನಡುವೆ ಜಾಜಿಕಾಯಿ ಮರ ಇರುತ್ತದೆ. ಹಣ್ಣಿನ ಸಿಪ್ಪೆಯದು ಉಪ್ಪಿನಕಾಯಿ, ಬೀಜದ ಸುತ್ತಲಿನ ಕೆಂಪು ಬಲೆ ಜಾಪತ್ರೆ, ಒಳಗಿನದು ಜಾಜಿಕಾಯಿ. ಇದರ ಮೂಲ ಊರು ಇಂಡೋನೇಷ್ಯದ ಬಾಂಡಾ ದ್ವೀಪಗಳು. ಒಂದು ಕಾಲದಲ್ಲಿ ಅಲ್ಲಿ ಬಿಟ್ಟು ಬೇರೆಲ್ಲೂ ಇದು ಬೆಳೆಯುತ್ತಿರಲಿಲ್ಲವಾದ್ದರಿಂದ ಡಚ್ಚರೂ ಇಂಗ್ಲಿಷರೂ ಅದಕ್ಕಾಗಿ ಹೊಡೆದಾಡಿದರು. 1667ರ ಬ್ರೆಡಾ ಒಪ್ಪಂದದಲ್ಲಿ, ಯಾರ ಕೈಯಲ್ಲಿ ಯಾವುದಿದೆಯೋ ಅದು ಅವರಿಗೇ ಎಂದಾಯಿತು. ರನ್ ಎಂಬ ಪುಟ್ಟ ಜಾಜಿಕಾಯಿ ದ್ವೀಪ ಡಚ್ಚರಿಗೆ ಉಳಿಯಿತು. ಮೂರು ವರ್ಷ ಹಿಂದೆ ಇಂಗ್ಲಿಷರು ಹಿಡಿದಿದ್ದ ಮ್ಯಾನ್‌ಹಟನ್ ಇಂಗ್ಲಿಷರಿಗೇ ಉಳಿಯಿತು. ಅಂದು ಡಚ್ಚರಿಗೆ ತಾವೇ ಗೆದ್ದೆವು ಅನ್ನಿಸಿರಬೇಕು.

ಆ ಡಿಸೆಂಬರಿನಲ್ಲಿ ಮತ್ತೆ ಜನರನ್ನು ಕರೆದಿದ್ದೆವು. ನಾನು ಎಗ್‌ನಾಗ್ ಮಾಡುವುದನ್ನೇ ಬಿಟ್ಟಿದ್ದೆ. ಅತ್ತೆಯೇ ಕೇಳಿದರು: "ಆ ಜಾಜಿಕಾಯಿ ಹಾಲು ಈಗ ಮಾಡುವುದಿಲ್ಲವಾ?" ನನಗೆ ಮುಖ ಎತ್ತಲಾಗಲಿಲ್ಲ. ಅವರು ಮುಂದುವರಿಸಿದರು: "ಬಂದವರಿಗೆ ಅವರದ್ದು ಮಾಡು. ನನಗೆ ಬೇರೆ ಪಾತ್ರೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ರುಚಿ ಚೆನ್ನಾಗಿಯೇ ಇತ್ತು."

ಅವರು ಬಾದಾಮಿ ನೆನೆಸಿ ರುಬ್ಬಿ ಹಾಲಿಗೆ ಹಾಕಿದರು. ಮಂದವಾಯಿತು, ಆದರೆ ಎಗ್‌ನಾಗಿನ ಆ ರೇಷ್ಮೆಯಂಥ ನಯ ಬರಲಿಲ್ಲ. ಆಗ ನನಗೆ ಕಪಾಟಿನಲ್ಲಿದ್ದ ಕಸ್ಟರ್ಡ್ ಪುಡಿಯ ನೆನಪಾಯಿತು. ಹೆಸರು ಕೇಳಿ ಅದರಲ್ಲೂ ಮೊಟ್ಟೆಯಿದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಅದನ್ನು ಕಂಡುಹಿಡಿದದ್ದೇ ಮೊಟ್ಟೆ ಒಗ್ಗದವರಿಗಾಗಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಆಕೆಗೂ ಕಸ್ಟರ್ಡ್ ಸಿಗಲಿ ಎಂದು ಆತ 1837ರಲ್ಲಿ ಜೋಳದ ಹಿಟ್ಟಿನಿಂದ ಮಾಡಿದ ಪುಡಿ ಅದು. ನಾನು ಡಬ್ಬಿ ತಂದು, ಅದರ ಮೇಲಿದ್ದ ಒಂದೊಂದು ಪದವನ್ನೂ ಅತ್ತೆಗೆ ಓದಿ ಹೇಳಿದೆ. ಜೋಳದ ಹಿಟ್ಟು, ಬಣ್ಣ, ಸುವಾಸನೆ, ಉಪ್ಪು. ಪೂರ್ತಿ ಕೇಳಿಸಿಕೊಂಡು, "ಹಾಕು" ಎಂದರು.

ಆ ಒಂದು "ಹಾಕು" ನನಗೆ ಏಳು ವರ್ಷದ ಮೇಲೆ ಸಿಕ್ಕಿದ್ದು.

ಅಳತೆ ಹೀಗೆ: ಹಾಲು 4 ಕಪ್, ಕೆನೆ 1 ಕಪ್, ಸಕ್ಕರೆ ಅರ್ಧ ಕಪ್, ಕಸ್ಟರ್ಡ್ ಪುಡಿ 2 ದೊಡ್ಡ ಚಮಚ, ನಾಲ್ಕೈದು ಎಸಳು ಕೇಸರಿ, ಒಂದು ಚಿಟಿಕೆ ಉಪ್ಪು. ಕಾಲು ಕಪ್ ತಣ್ಣನೆಯ ಹಾಲಿನಲ್ಲಿ ಪುಡಿಯನ್ನು ಗಂಟಿಲ್ಲದಂತೆ ಕಲಸಿ, ಸಕ್ಕರೆ ಹಾಕಿ ಕಾಯಿಸಿದ ಹಾಲಿಗೆ ತಿರುವುತ್ತಾ ಸುರಿಯಿರಿ. ಇಲ್ಲೊಂದು ಮಾತು ನೆನಪಿಡಿ. ಮೊದಲಿನ ಪಾತ್ರೆ ಕುದಿಯಲೇಬಾರದು, ಈ ಪಾತ್ರೆ ಕುದಿಯಲೇಬೇಕು. ಮೊಟ್ಟೆ ಕುದಿದರೆ ಒಡೆಯುತ್ತದೆ, ಹಿಟ್ಟು ಕುದಿಯದಿದ್ದರೆ ಹಸಿ ವಾಸನೆ ಬಿಡುವುದಿಲ್ಲ. ಎರಡು ನಿಮಿಷ ಮೆಲ್ಲಗೆ ಕುದಿಸಿ ಇಳಿಸಿ, ಕೆನೆ, ಕೇಸರಿ, ಜಾಜಿಕಾಯಿ ಸೇರಿಸಿ ತಣ್ಣಗಾಗಿಸಿ. ಆರಿದ ಮೇಲೆ ಇನ್ನೂ ಮಂದವಾಗುತ್ತದೆ. ಲೋಟಕ್ಕೆ ಬಗ್ಗದಿದ್ದರೆ ಸ್ವಲ್ಪ ಹಾಲು ಬೆರೆಸಿ. ಹಾಲು ಅರಗದವರು ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಮಾಡಬಹುದು. ತೆಂಗಿನ ಹಾಲು ಇಷ್ಟವಾದರೆ ಅರ್ಧ ಅದು, ಅರ್ಧ ಇದು. ಪೋರ್ಟೊ ರಿಕೊದವರು ಕ್ರಿಸ್‌ಮಸ್ಸಿಗೆ ಮಾಡುವ ಕೊಕೀಟೊ ಕೂಡ ತೆಂಗಿನ ಹಾಲಿನದೇ.

ಜಾಜಿಕಾಯಿಯನ್ನು ಪುಡಿಯಾಗಿ ಕೊಳ್ಳಬೇಡಿ, ಇಡಿಯಾಗಿ ಕೊಳ್ಳಿ. ಪುಡಿ ಬೇಗ ಪರಿಮಳ ಕಳೆದುಕೊಳ್ಳುತ್ತದೆ. ಅತ್ತೆ ತುರಿಯುತ್ತಿರಲಿಲ್ಲ, ತೇಯುತ್ತಿದ್ದರು. ನಮ್ಮ ಮನೆಯಲ್ಲಿ ಸಾಣೆಕಲ್ಲು ಇರಲಿಲ್ಲ. ಅವರು ಪಿಂಗಾಣಿ ಬಟ್ಟಲೊಂದನ್ನು ಬೋರಲು ಹಾಕಿ, ಹೊಳಪು ಬಳಿಯದ ಅದರ ತಳದ ಒರಟು ಅಂಚಿನ ಮೇಲೆ ಎರಡು ಹನಿ ಹಾಲು ಬಿಟ್ಟುಕೊಂಡು ತೇದರು. ಹೀಗೆ ತೇದದ್ದು ಹಾಲಿನಲ್ಲಿ ಪೂರ್ತಿ ಕರಗಿದ ಹಾಗೆ ಸೇರುತ್ತದೆ, ತಳಕ್ಕೆ ಇಳಿಯುವುದಿಲ್ಲ. ಇಡೀ ಪಾತ್ರೆಗೆ ಹತ್ತು ಹದಿನೈದು ಸುತ್ತು ಸಾಕು. ಹೆಚ್ಚಾದರೆ ರುಚಿ ಕಹಿ. ಬಹಳ ಹೆಚ್ಚಾದರೆ ವಾಂತಿ, ತಲೆಸುತ್ತು, ಎದೆ ಹೊಡೆತ ಬರುವ ವಸ್ತು ಅದು. ಊರಿನಲ್ಲಿ ಹಸುಗೂಸಿಗೆ ತೇದು ನೆಕ್ಕಿಸುತ್ತಿದ್ದರಲ್ಲ, ಇಲ್ಲಿ ಮಕ್ಕಳ ಡಾಕ್ಟರನ್ನು ಕೇಳದೆ ಅದನ್ನು ಮಾಡಬೇಡಿ.

ಇನ್ನು ಬಡಿಸುವ ಕ್ರಮ. ಎರಡು ಹೂಜಿ ಬೇರೆ ಬೇರೆ ಬಣ್ಣದವಾಗಿರಲಿ. ಒಂದೊಂದಕ್ಕೆ ಅದರದೇ ಸೌಟು. ಅದು ಇದಕ್ಕೆ ಬರಬಾರದು. ದಪ್ಪ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಮುಂದೆ ನಿಲ್ಲಿಸಿ: "ಮೊಟ್ಟೆ ಇದೆ", "ಮೊಟ್ಟೆ ಇಲ್ಲ". ಲೋಟಗಳು ಮಾತ್ರ ಎರಡಕ್ಕೂ ಒಂದೇ ಬಗೆಯವು ಇರಲಿ. ಮೊಟ್ಟೆ ತಿನ್ನದವರು ಮೂಲೆಯಲ್ಲಿ ಪ್ಲಾಸ್ಟಿಕ್ ಕಪ್ ಹಿಡಿದು ನಿಲ್ಲುವುದು ಬೇಡ. ಅವತ್ತು ಅತ್ತೆ ನಮ್ಮ ಒಳ್ಳೆಯ ಗಾಜಿನ ಲೋಟದಲ್ಲಿ ತಮ್ಮದನ್ನು ಹಿಡಿದು, ಪಕ್ಕದ ಮನೆಯ ಅಜ್ಜಿಯ ಜೊತೆ ಸೋಫಾದಲ್ಲಿ ಕೂತಿದ್ದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ಲೋಟ ಮುಗಿಯುವವರೆಗೆ ಮಾತಾಡುತ್ತಲೇ ಇದ್ದರು.

2004ರಲ್ಲಿ ಅತ್ತೆ ತೀರಿಕೊಂಡರು. ಅವರು ಕೊನೆಯ ಸಲ ಕಳಿಸಿದ ಜಾಜಿಕಾಯಿಯಲ್ಲಿ ಒಂದು ಇನ್ನೂ ನನ್ನ ಡಬ್ಬಿಯಲ್ಲಿದೆ. ತೇದು ತೇದು ಅರ್ಧವಾಗಿದೆ.

ಮೇಲಿನ ಅಳತೆಯಲ್ಲಿ ಬಾದಾಮಿ ಯಾಕಿಲ್ಲ ಎಂದು ನೀವು ಕೇಳಬಹುದು. ಅಂದು ಡಬ್ಬಿಯ ಅಕ್ಷರ ಕೂಡಿಸಿ ಓದಿದ ಮಗಳಿಗೆ ಈಗ ಒಂಬತ್ತು ವರ್ಷದ ಮಗನಿದ್ದಾನೆ. ಅವನಿಗೆ ಬಾದಾಮಿ, ಗೋಡಂಬಿ, ಪಿಸ್ತಾ ಯಾವುದೂ ಆಗದು. ಒಂದು ಚೂರು ಒಳಗೆ ಹೋದರೂ ತುಟಿ ಊದಿ ಉಸಿರು ಕಟ್ಟುತ್ತದೆ. ಎಲ್ಲಿಗೆ ಹೋದರೂ ಚುಚ್ಚುಮದ್ದಿನ ಪೆನ್ನು ಜೊತೆಗಿರಬೇಕು. ಬಾದಾಮಿಯನ್ನು ನಾನು ಎರಡನೆಯ ಪಾತ್ರೆಯಿಂದ ಪೂರ್ತಿ ತೆಗೆದುಹಾಕಿದ್ದೇನೆ. ಅವನು ಬರುವ ದಿನ ಮನೆಯಲ್ಲೇ ಇಡುವುದಿಲ್ಲ. ನಮ್ಮ ಸಂಘದ ಸಮಾರಂಭಗಳಿಗೆ ಬರ್ಫಿ, ಪಾಯಸ, ಬಾದಾಮಿ ಹಾಲು ತರುವವರು ದಯವಿಟ್ಟು ಇದನ್ನು ಗಮನಿಸಿ. ನಿಮ್ಮ ಪಾತ್ರೆಯ ಮುಂದೆಯೂ ಒಂದು ಚೀಟಿ ಇಡಿ. ಅಂಥ ಮಕ್ಕಳು ನಮ್ಮಲ್ಲಿ ಅವನೊಬ್ಬನೇ ಅಲ್ಲ.

ಹೋದ ವರ್ಷ ಕ್ರಿಸ್‌ಮಸ್ ರಜೆಗೆ ಅವನು ಬಂದಿದ್ದ. ನಾನು ಲೋಟ ತುಂಬಿ ಕೊಟ್ಟೆ. ತೆಗೆದುಕೊಂಡ, ಕುಡಿಯಲಿಲ್ಲ. ತಾಯಿ ಕಲಿಸಿದ ಹಾಗೆ ನನ್ನ ಮುಖ ನೋಡಿ, ತನ್ನ ಮುರುಕು ಕನ್ನಡದಲ್ಲಿ ಕೇಳಿದ: "ಅಜ್ಜಿ, ಇದರಲ್ಲಿ ಏನಿದೆ?"

ನಾನು ಒಲೆ ಸಣ್ಣದು ಮಾಡಿ, ಅವನ ಪಕ್ಕ ಕೂತು, ಒಂದೊಂದಾಗಿ ಹೇಳಿದೆ.

ಈ ಸಲದ ಚಳಿಗಾಲ ಎಲ್ಲರಿಗೂ ಹಿತವಾಗಿರಲಿ. ಮಾಡಿ ನೋಡಿದವರು ಸಂಕ್ರಾಂತಿಯ ದಿನ ಎಳ್ಳು ಬೀರುವಾಗ ಹೇಗಾಯಿತೆಂದು ಹೇಳಿ. ಒಡೆದುಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.